ಕೊಯ್ಲು ಮುಗಿದ ಮೇಲೆ ಹುಟ್ಟಿದ ವಾಷಿಂಗ್ ಮೆಷಿನ್

ಬಿಸಿನೆಸ್ ಸ್ಟಡೀಸ್ ತರಗತಿಯಲ್ಲಿ ಪ್ರತಿಯೊಬ್ಬರೂ ಒಬ್ಬ ಉದ್ಯಮಿಯ ಜೀವನ ಓದಿಕೊಂಡು ಬಂದು ಮಾತಾಡಬೇಕು ಎಂದು ಸರ್ ಹೇಳಿದ್ದರು. ಟಾಟಾ ಅವರನ್ನು ಮೊದಲ ಬೆಂಚಿನವರು ತೆಗೆದುಕೊಂಡರು. ಅಂಬಾನಿ, ಅಜೀಂ ಪ್ರೇಮ್‌ಜಿ, ನಾರಾಯಣ ಮೂರ್ತಿ ಐದು ನಿಮಿಷದೊಳಗೆ ಖಾಲಿಯಾದರು. ಕೊನೆಯ ಬೆಂಚಿನ ನನಗೆ ಯಾರೂ ಉಳಿಯಲಿಲ್ಲ.

ಆ ಭಾನುವಾರ ನಮ್ಮ ಮನೆಯ ವಾಷಿಂಗ್ ಮೆಷಿನ್ ಕೆಟ್ಟು ನಿಂತಿತ್ತು. ಅಮ್ಮಿ ಹಿತ್ತಲಿನ ಕಲ್ಲಿನ ಮೇಲೆ ಆರು ಜನರ ಬಟ್ಟೆ ಒಗೆಯುತ್ತಿದ್ದರು. ನಾನು ಬಕೆಟ್ ಎತ್ತಿಕೊಡುವ ಕೆಲಸಕ್ಕೆ ನಿಂತವನು, ಈ ಯಂತ್ರವನ್ನು ಮಾರಿ ದೊಡ್ಡವರಾದವರು ಯಾರಾದರೂ ಇರಬೇಕಲ್ಲ ಎಂದುಕೊಂಡೆ. ಹುಡುಕಿದಾಗ ಸಿಕ್ಕ ಹೆಸರು ಫ್ರೆಡ್ರಿಕ್ ಲೂಯಿಸ್ ಮೇಟ್ಯಾಗ್. ಅಮೆರಿಕದಲ್ಲಿ ಒಂದು ಕಾಲಕ್ಕೆ ಮನೆಮನೆಗೂ ಗೊತ್ತಿದ್ದ ಹೆಸರು ಅದು. ತರಗತಿಯಲ್ಲಿ ನನಗೆ ಸಿಕ್ಕಿದ್ದು ನಾಲ್ಕು ನಿಮಿಷ. ಅಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ನಮ್ಮದು ಉರ್ದು, ಆದ್ದರಿಂದ ಎಲ್ಲಾದರೂ ತಪ್ಪು ಕಂಡರೆ ಕನ್ನಡ ಮೇಡಂ ಕ್ಷಮಿಸಬೇಕು.

ಮೇಟ್ಯಾಗ್ ಹುಟ್ಟಿದ್ದು 1857ರ ಜುಲೈ 14ರಂದು, ಅಮೆರಿಕದ ಇಲಿನಾಯ್ ರಾಜ್ಯದ ಎಲ್ಜಿನ್ ಊರಿನ ಹತ್ತಿರ. ಜರ್ಮನಿಯಿಂದ ವಲಸೆ ಬಂದ ರೈತ ಕುಟುಂಬ. ಹತ್ತು ಮಕ್ಕಳಲ್ಲಿ ಇವರೇ ದೊಡ್ಡವರು. ಇವರು ಚಿಕ್ಕವರಿದ್ದಾಗಲೇ ಕುಟುಂಬ ಗಾಡಿ ಕಟ್ಟಿಕೊಂಡು ಪಶ್ಚಿಮದ ಅಯೋವಾ ರಾಜ್ಯಕ್ಕೆ ಹೋಗಿ ಹೊಸ ಜಮೀನಿನಲ್ಲಿ ಬೇಸಾಯಕ್ಕೆ ನಿಂತಿತು. ಹೊಲದ ಕೆಲಸದ ನಡುವೆ ಶಾಲೆಗೆ ಹೋದದ್ದು ತೀರಾ ಕಡಿಮೆ. ಹತ್ತು ಮಕ್ಕಳ ಮನೆಯ ಬಟ್ಟೆಯ ರಾಶಿ ಎಷ್ಟಿರುತ್ತದೆ ಎಂದು ಅವರಿಗೆ ಚಿಕ್ಕಂದಿನಲ್ಲೇ ಗೊತ್ತಿರಬೇಕು. ಆದರೆ ಅವರು ಬಟ್ಟೆಯ ಕಡೆಗೆ ಬರಲು ಇನ್ನೂ ನಲವತ್ತು ವರ್ಷ ಬೇಕಾಯಿತು.

1880ರಲ್ಲಿ ನ್ಯೂಟನ್ ಎಂಬ ಸಣ್ಣ ಊರಿಗೆ ಬಂದು ಬೇಸಾಯದ ಉಪಕರಣಗಳ ಅಂಗಡಿಯ ವ್ಯಾಪಾರಕ್ಕೆ ಸೇರಿಕೊಂಡರು. 1882ರಲ್ಲಿ ಡೀನಾ ಬರ್ಗ್‌ಮನ್ ಅವರನ್ನು ಮದುವೆಯಾದರು. 1893ರಲ್ಲಿ ಹೆಂಡತಿಯ ಇಬ್ಬರು ಅಣ್ಣತಮ್ಮಂದಿರು ಮತ್ತು ಜಾರ್ಜ್ ಪಾರ್ಸನ್ಸ್ ಎಂಬವರ ಜೊತೆ ಒಂದು ಪಾಲುದಾರಿಕೆ ಶುರು ಮಾಡಿದರು. ತಲಾ 600 ಡಾಲರ್, ನಾಲ್ಕು ಜನ, ಒಟ್ಟು ಬಂಡವಾಳ 2,400 ಡಾಲರ್. ನಮ್ಮ ಅಕೌಂಟೆನ್ಸಿ ಪುಸ್ತಕದ ಪಾಲುದಾರಿಕೆ ಅಧ್ಯಾಯದ ಮೊದಲ ಲೆಕ್ಕದ ಹಾಗೇ ಇದೆ!

ಅವರು ತಯಾರಿಸಿದ್ದು ಒಕ್ಕಣೆ ಯಂತ್ರಕ್ಕೆ ಜೋಡಿಸುವ ಒಂದು ಭಾಗ. ಆಗ ಕೊಯ್ದ ಪೈರನ್ನು ದಾರದಿಂದ ಕಟ್ಟು ಕಟ್ಟಿ ತರುತ್ತಿದ್ದರು. ಒಬ್ಬ ಮನುಷ್ಯ ಯಂತ್ರದ ಬಾಯಿಯ ಹತ್ತಿರ ನಿಂತು ದಾರ ಕತ್ತರಿಸಿ ಪೈರನ್ನು ಒಳಗೆ ತಳ್ಳಬೇಕಿತ್ತು. ಸ್ವಲ್ಪ ಎಚ್ಚರ ತಪ್ಪಿದರೆ ಕೈಯೇ ಒಳಗೆ ಹೋಗುವ ಕೆಲಸ. ಪಾರ್ಸನ್ಸ್ ಫೀಡರ್ ಎಂಬ ಈ ಭಾಗ ದಾರವನ್ನು ತಾನೇ ಕತ್ತರಿಸಿ ಪೈರನ್ನು ತಾನೇ ಒಳಗೆ ಕಳಿಸುತ್ತಿತ್ತು. ವ್ಯಾಪಾರ ಚೆನ್ನಾಗಿ ಬೆಳೆಯಿತು. 1902ರಿಂದ ಹತ್ತು ವರ್ಷ ಮೇಟ್ಯಾಗ್ ಅಯೋವಾ ರಾಜ್ಯದ ಸೆನೆಟ್ ಸದಸ್ಯರೂ ಆಗಿದ್ದರು. ರಾಜಕೀಯದ ಭಾಗ ನನಗೆ ಅಷ್ಟು ಸ್ವಾರಸ್ಯ ಅನ್ನಿಸಲಿಲ್ಲ, ಬಿಡುತ್ತೇನೆ.

ಸ್ವಾರಸ್ಯ ಇರುವುದು ಅವರ ತೊಂದರೆಯಲ್ಲಿ. ಫೀಡರ್ ಕೊಳ್ಳುವವನು ರೈತ, ರೈತ ಕೊಳ್ಳುವುದು ಕೊಯ್ಲಿಗೆ ಮುಂಚೆ. ಕೊಯ್ಲು ಮುಗಿದರೆ ಮುಂದಿನ ವರ್ಷದವರೆಗೆ ಕೇಳುವವರಿಲ್ಲ. ಆದರೆ ಕಾರ್ಖಾನೆ ಇದೆ, ಯಂತ್ರಗಳಿವೆ, ಕೆಲಸ ಕಲಿತ ಕಾರ್ಮಿಕರಿದ್ದಾರೆ. ಮಾರಾಟ ಇರಲಿ ಬಿಡಲಿ, ಫಿಕ್ಸೆಡ್ ಕಾಸ್ಟ್ ನಿಲ್ಲುವುದಿಲ್ಲ. ಕಾರ್ಮಿಕರನ್ನು ಕಳಿಸಿದರೆ ಮುಂದಿನ ಹಂಗಾಮಿಗೆ ಅದೇ ಕೈಗಳು ಮತ್ತೆ ಸಿಗಬೇಕಲ್ಲ? ಕೊಯ್ಲು, ಮಳೆ, ಬಿಸಿಲು ಯಾವುದಕ್ಕೂ ಸಂಬಂಧವಿಲ್ಲದೆ ವರ್ಷವಿಡೀ ಮಾರಾಟವಾಗುವ ವಸ್ತು ಬೇಕಿತ್ತು. ಬಟ್ಟೆ ಕೊಳೆಯಾಗುವುದಕ್ಕೆ ಹಂಗಾಮಿಲ್ಲ. ಹಾಗೆ 1907ರಲ್ಲಿ ಈ ಕಾರ್ಖಾನೆಯಿಂದ ಕೈಯಿಂದ ತಿರುಗಿಸುವ ವಾಷಿಂಗ್ ಮೆಷಿನ್ ಹೊರಬಂತು. ಅದೇ ವರ್ಷ ಮೇಟ್ಯಾಗ್ ಪಾಲುದಾರರ ಪಾಲುಗಳನ್ನೂ ಕೊಂಡುಕೊಂಡರು. ಎರಡು ವರ್ಷದ ನಂತರ ಕಂಪನಿಗೆ ಅವರದೇ ಹೆಸರು ಬಂತು.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ವಾಷಿಂಗ್ ಮೆಷಿನ್ ಕಂಡುಹಿಡಿದವರು ಮೇಟ್ಯಾಗ್ ಅಲ್ಲ. ಜರ್ಮನಿಯ ರೇಗನ್ಸ್‌ಬರ್ಗ್ ಊರಿನ ಪಾದ್ರಿ ಮತ್ತು ವಿಜ್ಞಾನಿ ಯಾಕೋಬ್ ಕ್ರಿಸ್ಟಿಯನ್ ಶೇಫರ್ 1767ರಲ್ಲೇ ಮರದ ತೊಟ್ಟಿಯೊಳಗೆ ಬಟ್ಟೆ ಕಲಕುವ ಯಂತ್ರದ ಬಗ್ಗೆ ಪುಸ್ತಕ ಪ್ರಕಟಿಸಿದ್ದರು. ಅಮೆರಿಕದಲ್ಲಿ 1851ರಲ್ಲಿ ಜೇಮ್ಸ್ ಕಿಂಗ್ ತಿರುಗುವ ಡ್ರಮ್ ಇರುವ ಯಂತ್ರಕ್ಕೆ ಪೇಟೆಂಟ್ ಪಡೆದರು. 1858ರಲ್ಲಿ ಹ್ಯಾಮಿಲ್ಟನ್ ಸ್ಮಿತ್ ಎಂಬವರು ಇನ್ನೊಂದು ಬಗೆಯ ತಿರುಗುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಮೇಟ್ಯಾಗ್ ಅವರ ನ್ಯೂಟನ್ ಊರಿನಲ್ಲೇ ಒನ್ ಮಿನಿಟ್ ಎಂಬ ಬೇರೆ ಕಂಪನಿಯೂ ವಾಷಿಂಗ್ ಮೆಷಿನ್ ಮಾಡುತ್ತಿತ್ತು. ಅಂದರೆ ಪೇಟೆಯಲ್ಲಿ ಆಗಲೇ ಸ್ಪರ್ಧೆ ಇತ್ತು.

ಮೇಟ್ಯಾಗ್ ಅವರ ಯಂತ್ರ ಹೇಗಿತ್ತು ಎಂದು ಹೇಳುತ್ತೇನೆ. ಕಾಲುಗಳ ಮೇಲೆ ನಿಂತ ಒಂದು ಮರದ ತೊಟ್ಟಿ. ಸೈಪ್ರೆಸ್ ಮರದ ಹಲಗೆಗಳನ್ನು ಪೀಪಾಯಿಯಂತೆ ಜೋಡಿಸಿ ಮಾಡಿದ್ದು. ಒಳಗಿನ ಗೋಡೆ ನುಣುಪಲ್ಲ, ಏರುತಗ್ಗಾದ ಗೆರೆಗಳಿವೆ, ಬಟ್ಟೆ ಉಜ್ಜುವ ಹಲಗೆಯ ಹಾಗೆ. ಮೇಲೆ ಮುಚ್ಚಳ. ಮುಚ್ಚಳದ ಒಳಭಾಗದಿಂದ ಒಂದು ಸ್ಟೂಲಿನಂಥ ವಸ್ತು ತೊಟ್ಟಿಯೊಳಗೆ ಇಳಿಯುತ್ತದೆ. ದುಂಡು ಹಲಗೆ, ಅದಕ್ಕೆ ಕೆಳಮುಖವಾಗಿ ಮರದ ಗೂಟಗಳು. ಇದಕ್ಕೆ ಇಂಗ್ಲಿಷಿನಲ್ಲಿ ಡಾಲಿ ಎನ್ನುತ್ತಾರೆ. ಹೊರಗೆ ಕೈಹಿಡಿ. ಬಿಸಿನೀರು, ಸಾಬೂನು, ಬಟ್ಟೆ ಹಾಕಿ ಮುಚ್ಚಳ ಮುಚ್ಚಿ ಕೈಹಿಡಿ ತಿರುಗಿಸಿದರೆ ಗೂಟಗಳು ಬಟ್ಟೆಯನ್ನು ಎಳೆದುಕೊಂಡು ಹೋಗಿ ಗೆರೆಗಳಿರುವ ಗೋಡೆಗೆ ತಿಕ್ಕುತ್ತವೆ.

ಆದರೆ ಗೂಟಗಳು ಒಂದೇ ದಿಕ್ಕಿಗೆ ತಿರುಗುತ್ತಾ ಹೋದರೆ ಏನಾಗುತ್ತದೆ? ಇದನ್ನು ತಿಳಿಯಲು ನಾನು ನಮ್ಮ ನೀಲಿ ಡ್ರಮ್ಮಿನಲ್ಲಿ ನನ್ನ ಎರಡು ಅಂಗಿ, ಒಂದು ದುಪಟ್ಟಾ ಹಾಕಿ ದೊಣ್ಣೆಯಿಂದ ಸುತ್ತು ಸುತ್ತು ತಿರುಗಿಸಿದೆ. ದುಪಟ್ಟಾ ದೊಣ್ಣೆಗೆ ಹಗ್ಗದಂತೆ ಸುತ್ತಿಕೊಂಡಿತು, ಅಂಗಿಗಳನ್ನೂ ಸೇರಿಸಿಕೊಂಡು ಒಂದೇ ಗಂಟಾಯಿತು. ದುಪಟ್ಟಾ ಆಪಾ ಅವರದು, ಅದರ ಬಗ್ಗೆ ಬರೆಯುವುದು ಬೇಡ. ಹಾಗಾಗಿ ಯಂತ್ರ ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ತಿರುಗಬೇಕು. ಮಜ್ಜಿಗೆ ಕಡೆಯುವ ಕಡಗೋಲು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಗ್ಗದ ಒಂದು ತುದಿ ಎಳೆದರೆ ಈ ಕಡೆಗೆ, ಇನ್ನೊಂದು ಎಳೆದರೆ ಆ ಕಡೆಗೆ. ಹಗ್ಗದ ಈ ಕೆಲಸವನ್ನು ಆ ಕಾಲದ ಯಂತ್ರಗಳಲ್ಲಿ ಹಲ್ಲುಚಕ್ರಗಳು ಮಾಡುತ್ತಿದ್ದವು. ತಿರುಗುವ ಚಕ್ರಕ್ಕೆ ಒಂದು ಸರಳು ಸಿಕ್ಕಿಸಿ, ಸರಳಿನ ಇನ್ನೊಂದು ತುದಿ ಹಲ್ಲಿರುವ ಪಟ್ಟಿಯನ್ನು ಹಿಂದಕ್ಕೂ ಮುಂದಕ್ಕೂ ತಳ್ಳುವಂತೆ ಮಾಡುತ್ತಿದ್ದರು. ಆ ಪಟ್ಟಿ ಡಾಲಿಯ ಮೇಲಿನ ಸಣ್ಣ ಹಲ್ಲುಚಕ್ರವನ್ನು ಅತ್ತಿತ್ತ ತಿರುಗಿಸುತ್ತಿತ್ತು. ಕೈ ಒಂದೇ ದಿಕ್ಕಿಗೆ ತಿರುಗುತ್ತದೆ, ಡಾಲಿ ಎರಡೂ ದಿಕ್ಕಿಗೆ.

ಇಷ್ಟಾದರೂ ಕೆಲಸ ತಪ್ಪಿತೇ? ನೀರು ಹೊತ್ತು ತರಬೇಕು. ಒಂದು ಲೀಟರ್ ನೀರು ಅಂದರೆ ಒಂದು ಕೆ.ಜಿ. ಅದನ್ನು ಒಲೆಯ ಮೇಲೆ ಕಾಯಿಸಬೇಕು, ತೊಟ್ಟಿಗೆ ಸುರಿಯಬೇಕು, ಕೈಹಿಡಿ ತಿರುಗಿಸಬೇಕು, ಕೊಳೆ ನೀರು ಚೆಲ್ಲಬೇಕು, ಮತ್ತೆ ಒಳ್ಳೆ ನೀರು ತಂದು ಜಾಲಾಡಬೇಕು. ಆಮೇಲೆ ಒಂದೊಂದು ಬಟ್ಟೆಯನ್ನೂ ಎರಡು ರೋಲರ್‌ಗಳ ನಡುವೆ ತೂರಿಸಿ ಹಿಂಡಬೇಕು. ಅದಕ್ಕೂ ಒಂದು ಕೈಹಿಡಿ. ಉಜ್ಜುವ ಕೆಲಸವಷ್ಟೇ ಯಂತ್ರಕ್ಕೆ ಹೋಯಿತು. ನೋವು ಬೆರಳಿನಿಂದ ಭುಜಕ್ಕೆ ಬಂತು. ನಾನು ಡ್ರಮ್ಮಿನಲ್ಲಿ ಬರೀ ಹತ್ತು ನಿಮಿಷ ತಿರುಗಿಸಿದ್ದಕ್ಕೆ ಮಾರನೆಯ ದಿನ ಬಲಭುಜ ಎತ್ತಲು ಆಗಲಿಲ್ಲ.

ಈ ಯಂತ್ರಕ್ಕೆ ಮೇಟ್ಯಾಗ್ ಕಂಪನಿ ಇಟ್ಟ ಹೆಸರು ಪಾಸ್‌ಟೈಮ್. ಅಂದರೆ ಹೊತ್ತು ಕಳೆಯಲು ಮಾಡುವ ಕೆಲಸ. ಅಮ್ಮಿಗೆ ಇದರ ಅರ್ಥ ಹೇಳಿದಾಗ ಅವರು ಸಾಬೂನಿನ ಕೈಯಲ್ಲೇ ನನ್ನನ್ನು ಒಮ್ಮೆ ನೋಡಿ, ಹೆಸರಿಟ್ಟವರು ಗಂಡಸರೇ ಇರಬೇಕು ಎಂದರು. ನನಗೂ ಹಾಗೇ ಅನ್ನಿಸಿತು. ಕಾರ್ಖಾನೆಯ ಬಿಡುವಿನ ತಿಂಗಳುಗಳನ್ನು ತುಂಬಲು ಹುಟ್ಟಿದ ಯಂತ್ರಕ್ಕೆ, ಬಿಡುವೇ ಇಲ್ಲದವರ ಕೆಲಸವನ್ನು ಆಟವೆಂದು ತೋರಿಸುವ ಹೆಸರು. 1909ರಲ್ಲಿ ಬಂದ ಮುಂದಿನ ಯಂತ್ರದ ಹೆಸರು ಹೈರ್ಡ್ ಗರ್ಲ್, ಕೂಲಿಯ ಹುಡುಗಿ. ಅದಕ್ಕೆ ಹೊರಗಿನ ಎಂಜಿನ್ನಿನಿಂದ ಬೆಲ್ಟ್ ಹಾಕಿ ತಿರುಗಿಸಬಹುದಿತ್ತು. ಈ ಹೆಸರಿನಲ್ಲಿ ಸ್ವಲ್ಪ ನಿಜ ಇದೆ. ಬಟ್ಟೆ ಒಗೆಯುವುದು ಕೂಲಿ ಕೊಟ್ಟು ಮಾಡಿಸುವಂಥ ಕೆಲಸ ಎಂದಾದರೂ ಒಪ್ಪಿಕೊಂಡ ಹಾಗಾಯಿತು.

ಈ ಕಥೆಯಲ್ಲಿ ಹೆಚ್ಚು ಜನ ಹೆಸರು ಹೇಳದ ಒಬ್ಬರಿದ್ದಾರೆ. ಹಾವರ್ಡ್ ಸ್ನೈಡರ್. ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಆಗಿದ್ದವರು, ಯಂತ್ರದ ಒಳಗಿನ ಸುಧಾರಣೆಗಳೆಲ್ಲ ಬಹುಪಾಲು ಅವರ ತಲೆಯಿಂದ ಬಂದವು. ಮೇಟ್ಯಾಗ್ ಅವರ ಗುಣ ಏನೆಂದರೆ ಸ್ನೈಡರ್ ಅವರನ್ನು ಗುರುತಿಸಿ, ಹೊಸದನ್ನು ಮಾಡಿ ನೋಡಲು ಹಣ ಮತ್ತು ಸಮಯ ಕೊಟ್ಟರು. 1911ರಲ್ಲಿ ವಿದ್ಯುತ್ ಮೋಟಾರಿನ ಯಂತ್ರ ಬಂತು. ಆದರೆ ಆಗ ಅಮೆರಿಕದ ಹಳ್ಳಿಗಳಿಗೆ ಕರೆಂಟ್ ಎಲ್ಲಿತ್ತು? ಕೊಳ್ಳುವವರು ಹೆಚ್ಚಾಗಿ ಹಳ್ಳಿಯವರೇ. ಅವರಿಗಾಗಿ ಕೆಲವೇ ವರ್ಷಗಳಲ್ಲಿ ಮಲ್ಟಿ ಮೋಟಾರ್ ಎಂಬ ಪುಟ್ಟ ಪೆಟ್ರೋಲ್ ಎಂಜಿನ್ ಮಾಡಿ ತೊಟ್ಟಿಯ ಕೆಳಗೆ ಕೂರಿಸಿದರು. ನನಗೆ ಅವರ ಬಗ್ಗೆ ಗೌರವ ಬಂದದ್ದು ಇಲ್ಲಿ. ಪೇಟೆಯವರಿಗಷ್ಟೇ ಮಾರಿ ಸುಮ್ಮನಿರಬಹುದಿತ್ತು.

ಎಲ್ಲವೂ ಗೆದ್ದಿತು ಎಂದಲ್ಲ. 1910ರ ಸುಮಾರಿಗೆ ಅವರು ಮೇಟ್ಯಾಗ್ ಮೇಸನ್ ಎಂಬ ಕಾರು ಕಂಪನಿಗೆ ಕೈಹಾಕಿದರು. ಆ ಕಾರಿನ ವಿನ್ಯಾಸ ಮುಂದೆ ಬಹಳ ಹೆಸರಾದ ಡ್ಯೂಸೆನ್‌ಬರ್ಗ್ ಸಹೋದರರದು. ಆದರೂ ವ್ಯಾಪಾರ ನಿಲ್ಲಲಿಲ್ಲ, ಕೆಲವೇ ವರ್ಷಗಳಲ್ಲಿ ಮೇಟ್ಯಾಗ್ ಅದರಿಂದ ಹೊರಬಂದರು.

ಮರದ ತೊಟ್ಟಿ ಒಣಗಿದರೆ ಬಿರುಕು ಬಿಡುತ್ತದೆ, ಸೋರುತ್ತದೆ. 1919ರಲ್ಲಿ ಅಲ್ಯೂಮಿನಿಯಂ ಎರಕದ ತೊಟ್ಟಿ ಮಾಡಲು ಹೊರಟರು. ಇಷ್ಟು ದೊಡ್ಡ ತೊಟ್ಟಿಯನ್ನು ಒಂದೇ ಎರಕದಲ್ಲಿ ಮಾಡಲಾಗದು ಎಂದು ಎರಕದ ಕಾರ್ಖಾನೆಯವರು ಕೈಚೆಲ್ಲಿದರು. ಕೊನೆಗೆ ಮೇಟ್ಯಾಗ್ ಕಂಪನಿಯೇ ತನ್ನ ಎರಕದ ಕಾರ್ಖಾನೆ ಕಟ್ಟಿತು. ನಂತರ 1922ರಲ್ಲಿ ಸ್ನೈಡರ್ ಎಲ್ಲಕ್ಕಿಂತ ದೊಡ್ಡ ಬದಲಾವಣೆ ತಂದರು. ಮುಚ್ಚಳದಿಂದ ಇಳಿಬೀಳುತ್ತಿದ್ದ ಡಾಲಿಯನ್ನು ತೆಗೆದು, ರೆಕ್ಕೆಗಳಿರುವ ಅಜಿಟೇಟರನ್ನು ತೊಟ್ಟಿಯ ತಳದಲ್ಲಿ ಕೂರಿಸಿದರು. ಅಲ್ಲಿಯವರೆಗೆ ಬಟ್ಟೆಯನ್ನು ನೀರಿನಲ್ಲಿ ಎಳೆದಾಡುತ್ತಿದ್ದರು. ಈಗ ನೀರನ್ನೇ ಬಟ್ಟೆಯ ಮೂಲಕ ನುಗ್ಗಿಸಿದರು. ಕೊಳೆ ಬಿಡುತ್ತಿತ್ತು, ಬಟ್ಟೆ ಹರಿಯುವುದು ಕಡಿಮೆಯಾಯಿತು. ಗೈರಾಫೋಮ್ ಎಂಬ ಈ ಯಂತ್ರ ಎಷ್ಟು ಓಡಿತೆಂದರೆ ಕಂಪನಿ ಬೇಸಾಯದ ಉಪಕರಣಗಳನ್ನು ಬಿಟ್ಟೇಬಿಟ್ಟಿತು. 1927ರಲ್ಲಿ ಹತ್ತು ಲಕ್ಷದ ಯಂತ್ರ ಹೊರಬಂತು.

ಮಾರುವ ರೀತಿಯೂ ನಮ್ಮ ಮಾರ್ಕೆಟಿಂಗ್ ಪಾಠಕ್ಕೆ ಸೇರುವಂಥದ್ದು. ಮಾರಾಟಗಾರ ಯಂತ್ರವನ್ನು ಹಳ್ಳಿಯ ಮನೆಗೆ ಒಯ್ದು, ಆ ಮನೆಯವರದೇ ಬಟ್ಟೆ ಒಗೆದು ತೋರಿಸುತ್ತಿದ್ದ. ಇಷ್ಟವಾಗದಿದ್ದರೆ ಇಟ್ಟುಕೊಳ್ಳಬೇಕಿಲ್ಲ. ಹೆಸರು ಇಡುವಾಗ ಹೆಂಗಸರನ್ನು ಕೇಳದಿದ್ದವರು ಮಾರುವಾಗ ಅವರ ತೀರ್ಪನ್ನೇ ನಂಬಬೇಕಾಯಿತು.

ಹೊತ್ತಿಗೆ ಕಂಪನಿಯನ್ನು ಮಗ ಲೂಯಿಸ್, ಆಮೇಲೆ ಇನ್ನೊಬ್ಬ ಮಗ ಎಲ್ಮರ್ ನೋಡಿಕೊಳ್ಳುತ್ತಿದ್ದರು. ಫ್ರೆಡ್ರಿಕ್ ಮೇಟ್ಯಾಗ್ 1937ರ ಮಾರ್ಚ್ 26ರಂದು ತೀರಿಕೊಂಡರು. ಆಗ ಅವರಿಗೆ 79 ವರ್ಷ. ಮರುವರ್ಷವೇ ನ್ಯೂಟನ್ ಕಾರ್ಖಾನೆಯಲ್ಲಿ ಶೇಕಡ 10ರಷ್ಟು ಸಂಬಳ ಕಡಿತ ಮಾಡಿದ್ದಕ್ಕೆ ದೊಡ್ಡ ಮುಷ್ಕರ ನಡೆದು, ಊರಿಗೆ ಸೈನಿಕ ಪಡೆ ಬಂತು. ಬಿಡುವಿನ ತಿಂಗಳಲ್ಲೂ ಕಾರ್ಮಿಕರಿಗೆ ಕೆಲಸವಿರಲಿ ಎಂದು ಹುಟ್ಟಿದ ಯಂತ್ರದ ಕಾರ್ಖಾನೆಯಲ್ಲಿ ಹೀಗಾಯಿತು ಎಂದು ಓದಿದಾಗ ನಾನು ಆ ಪುಟವನ್ನು ಎರಡು ಸಲ ಓದಿದೆ. 2006ರಲ್ಲಿ ಕಂಪನಿಯನ್ನು ವರ್ಲ್‌ಪೂಲ್ ಕೊಂಡುಕೊಂಡಿತು. 2007ರಲ್ಲಿ, ಅಂದರೆ ಪಾಸ್‌ಟೈಮ್ ಬಂದ ಸರಿಯಾಗಿ ನೂರು ವರ್ಷಕ್ಕೆ, ನ್ಯೂಟನ್ ಕಾರ್ಖಾನೆ ಮುಚ್ಚಿತು.

ನಮ್ಮ ಮನೆಯ ಮೆಷಿನ್ ರಿಪೇರಿಗೆ ಮುಂದಿನ ಶುಕ್ರವಾರ ಒಬ್ಬರು ಬಂದರು. ಸೆಮಿ ಆಟೋಮ್ಯಾಟಿಕ್ ಮೆಷಿನ್. ಅವರು ಒಳಗೆ ಕೈಹಾಕಿ ತಳದಲ್ಲಿರುವ ಪ್ಲಾಸ್ಟಿಕ್ ಚಕ್ರವನ್ನು ಬಿಚ್ಚಿ ಮೇಲೆತ್ತಿದರು. ಅದರ ಕೆಳಗೆ ಎರಡು ರೂಪಾಯಿಯ ಒಂದು ನಾಣ್ಯ, ನನ್ನ ಯೂನಿಫಾರ್ಮಿನ ಒಂದು ಗುಂಡಿ, ಒಂದು ಮುದ್ದೆ ದಾರ ಇತ್ತು. ತೆಗೆದು, ಬೆಲ್ಟ್ ಬದಲಿಸಿ, ಮತ್ತೆ ಜೋಡಿಸಿ ಸ್ವಿಚ್ ಹಾಕಿದರು. ಚಕ್ರ ಒಮ್ಮೆ ಈ ಕಡೆಗೆ ತಿರುಗಿತು, ಒಂದು ಕ್ಷಣ ನಿಂತಿತು, ಆ ಕಡೆಗೆ ತಿರುಗಿತು. ಅಮ್ಮಿ ನೆನೆಸಿಟ್ಟಿದ್ದ ಬಟ್ಟೆ ತರಲು ಒಳಗೆ ಹೋದರು. ಗುಂಡಿ ಹೊಲಿಯಲು ನಾನೇ ಸೂಜಿ ಹುಡುಕಿದೆ.