ಪೆಲಾಗ್ರ ರೋಗದ ಗುಟ್ಟು ಬಯಲು ಮಾಡಿದ ಕಿರಾಣಿ ಅಂಗಡಿಯವರ ಮಗ

ಅದು 1914. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಪೆಲಾಗ್ರ ಅನ್ನೋ ಕಾಯಿಲೆ ಬಡವರನ್ನ ಹುರಿದು ಮುಕ್ಕುತ್ತಿತ್ತು. ಬಿಸಿಲು ಬಿದ್ದ ಕಡೆ ಚರ್ಮ ಕಪ್ಪಾಗಿ ಸುಲಿಯೋದು, ಭೇದಿ, ಬುದ್ಧಿಭ್ರಮಣೆ, ಕೊನೆಗೆ ಸಾವು. ಇದು ಅಂಟುರೋಗ ಅಂತ ಬಹಳಷ್ಟು ವೈದ್ಯರು ನಂಬಿದ್ದರು. ಕಾರಣ ಹುಡುಕಲು ಸರ್ಕಾರ ಕಳಿಸಿದ್ದು ಡಾ. ಜೋಸೆಫ್ ಗೋಲ್ಡ್‌ಬರ್ಗರ್ ಅವರನ್ನ.

ಹುಟ್ಟಿದ್ದು 1874ರಲ್ಲಿ, ಆಗಿನ ಹಂಗೇರಿಯಲ್ಲಿ. ಮನೆಯವರು ನ್ಯೂಯಾರ್ಕಿಗೆ ವಲಸೆ ಬಂದು ಕಿರಾಣಿ ಅಂಗಡಿ ಇಟ್ಟರು. ಹುಡುಗ ಮನೆ ಮನೆಗೆ ಸಾಮಾನು ಮುಟ್ಟಿಸುತ್ತಿದ್ದ. ಇಂಜಿನಿಯರಿಂಗ್ ಓದಲು ಹೋಗಿ, ಅರ್ಧಕ್ಕೆ ಬಿಟ್ಟು, 1895ರಲ್ಲಿ ಡಾಕ್ಟರಾದರು.

ಅನಾಥಾಶ್ರಮ, ಹುಚ್ಚಾಸ್ಪತ್ರೆ ಸುತ್ತಿದ ಗೋಲ್ಡ್‌ಬರ್ಗರ್ ಕಣ್ಣಿಗೆ ಒಂದು ವಿಷಯ ಬಿತ್ತು. ಒಳಗಿದ್ದವರಿಗೆ ಕಾಯಿಲೆ, ನೋಡಿಕೊಳ್ಳೋ ನೌಕರರಿಗೆ ಇಲ್ಲ! ಅಂಟುರೋಗವಾದರೆ ಇಬ್ಬರಿಗೂ ಬರಬೇಕಲ್ಲ? ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ. ಒಳಗಿನವರಿಗೆ ಮೆಕ್ಕೆಜೋಳ, ಬೆಲ್ಲದ ಪಾಕ, ಹಂದಿ ಕೊಬ್ಬು ಅಷ್ಟೇ. ಅನಾಥ ಮಕ್ಕಳಿಗೆ ಹಾಲು, ಮೊಟ್ಟೆ, ಮಾಂಸ ಕೊಡಿಸಿದರು. ಕಾಯಿಲೆ ಹೋಯಿತು.

1915ರಲ್ಲಿ ಮಿಸಿಸಿಪ್ಪಿಯ ಜೈಲು ತೋಟದಲ್ಲಿ ಬಿಡುಗಡೆಯ ಭರವಸೆ ಕೊಟ್ಟು 11 ಕೈದಿಗಳಿಗೆ ಆ ಬಡ ಊಟವನ್ನೇ ಹಾಕಿಸಿದರು. 6 ಮಂದಿಗೆ ಪೆಲಾಗ್ರ ಬಂತು. ಈಗಿನ ಕಾಲಕ್ಕೆ ಇದು ಒಪ್ಪುವ ಮಾತಲ್ಲ. ಆದರೂ ವಿರೋಧಿಗಳು ಸುಮ್ಮನಾಗಲಿಲ್ಲ. ಆಗ 1916ರಲ್ಲಿ ಗೋಲ್ಡ್‌ಬರ್ಗರ್ ರೋಗಿಗಳ ರಕ್ತವನ್ನ ತಮ್ಮ ಮೈಗೇ ಚುಚ್ಚಿಸಿಕೊಂಡರು. ಚರ್ಮದ ಹೊಪ್ಪಳೆ, ಮಲ, ಮೂತ್ರವನ್ನೂ ನುಂಗಿದರು. ಹೆಂಡತಿ ಮೇರಿ ಕೂಡ ರಕ್ತ ಚುಚ್ಚಿಸಿಕೊಂಡರು. ಯಾರಿಗೂ ಕಾಯಿಲೆ ಬರಲಿಲ್ಲ.

ಮುಂದೆ ಅಗ್ಗದ ಔಷಧಿಯಾಗಿ ಬಿಯರ್ ತಯಾರಿಕೆಯ ಈಸ್ಟ್ ಸಿಕ್ಕಿತು. 1927ರ ಮಿಸಿಸಿಪ್ಪಿ ಪ್ರವಾಹದಲ್ಲಿ ಸಂತ್ರಸ್ತರಿಗೆ ಅದನ್ನೇ ಹಂಚಲಾಯಿತು. ಆದರೆ ಈಸ್ಟ್‌ನಲ್ಲಿರೋ ವಸ್ತು ಯಾವುದು ಅಂತ ತಿಳಿಯುವ ಮೊದಲೇ, 1929ರ ಜನವರಿ 17ರಂದು, ಗೋಲ್ಡ್‌ಬರ್ಗರ್ ಕಿಡ್ನಿ ಕ್ಯಾನ್ಸರಿನಿಂದ ತೀರಿಕೊಂಡರು.

ಅದು ನಯಾಸಿನ್ ಅಂತ 1937ರಲ್ಲಿ ಕಾನ್ರಾಡ್ ಎಲ್ವೆಜೆಮ್ ತೋರಿಸಿಕೊಟ್ಟರು. ನಯಾಸಿನ್‌ನಿಂದ ದೇಹ ಎನ್‌ಎಡಿ ಅನ್ನೋ ಸಹಕಿಣ್ವ ಮಾಡಿಕೊಳ್ಳುತ್ತದೆ. ಇದು ಎಪಿಎಂಸಿ ಯಾರ್ಡಿನ ಹಮಾಲಿ ಇದ್ದ ಹಾಗೆ. ಅನ್ನದಿಂದ ಬಿಡಿಸಿದ ಎಲೆಕ್ಟ್ರಾನ್ ಹೊತ್ತು ಶಕ್ತಿ ತಯಾರಾಗೋ ಜಾಗಕ್ಕೆ ಇಳಿಸಿ, ಖಾಲಿ ಬಂದು ಮತ್ತೆ ಹೊರುತ್ತದೆ. ಕೆಟ್ಟ ಡಿಎನ್‌ಎ ರಿಪೇರಿಗೂ ಇದೇ ಬೇಕು. ಬಿಸಿಲಿಗೆ ಚರ್ಮ ಸುಲಿಯುವುದಕ್ಕೂ ಇದರ ಕೊರತೆಗೂ ನಂಟಿದೆ. ಮೆಕ್ಕೆಜೋಳದಲ್ಲಿ ನಯಾಸಿನ್ ಇದ್ದರೂ ಬಿಗಿದುಕೊಂಡಿರುತ್ತದೆ, ಮೈಗೆ ಹತ್ತುವುದಿಲ್ಲ. ಮೆಕ್ಸಿಕೋದವರು ಕಾಳನ್ನ ಸುಣ್ಣದ ನೀರಲ್ಲಿ ಬೇಯಿಸುತ್ತಿದ್ದರಿಂದ ಬಚಾವಾದರು.

ಆ ಹಮಾಲಿಯ ಸುಳಿವು 1906ರಲ್ಲೇ ಲಂಡನ್ನಿನಲ್ಲಿ ಆರ್ಥರ್ ಹಾರ್ಡನ್ ಮತ್ತು ವಿಲಿಯಂ ಯಂಗ್ ಅವರಿಗೆ ಸಿಕ್ಕಿತ್ತು. ಸಿಕ್ಕಿದ್ದೂ ಈಸ್ಟ್ ರಸದಲ್ಲೇ. ಎರಡಕ್ಕೂ ನಂಟಿದೆ ಅಂತ ಗೊತ್ತಾಗುವ ಹೊತ್ತಿಗೆ ಗೋಲ್ಡ್‌ಬರ್ಗರ್ ಇರಲಿಲ್ಲ.