ಡಾಕ್ಟರ್ ಸೆಮ್ಮೆಲ್‌ವೈಸರು

ಹಂಗೆರಿಯ ಬುಡಾ ಪಟ್ಟಣದಲ್ಲಿ 1818ನೆಯ ಇಸವಿಯಲ್ಲಿ ಜನಿಸಿದ ಇಗ್ನಾಜ್ ಸೆಮ್ಮೆಲ್‌ವೈಸರು 1846ರಲ್ಲಿ ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಸಹಾಯಕ ವೈದ್ಯರಾದರು. ಸೂಲಗಿತ್ತಿಯರು ಕಲಿಯುತ್ತಿದ್ದ ವಿಭಾಗಕ್ಕಿಂತ ವೈದ್ಯವಿದ್ಯಾರ್ಥಿಗಳ ವಿಭಾಗದಲ್ಲಿಯೇ ಹೆಚ್ಚು ಬಾಣಂತಿಯರು ಜ್ವರದಿಂದ ಮೃತರಾಗುತ್ತಿದ್ದರು. 1847ರಲ್ಲಿ ಅವರ ಮಿತ್ರರಾದ ಕೊಲೆಚ್ಕಾ ಎಂಬ ವೈದ್ಯರು ಶವಪರೀಕ್ಷೆಯ ಕಾಲದಲ್ಲಿ ಚೂರಿ ತಗಲಿ, ಅದೇ ಬಗೆಯ ನಂಜಿನಿಂದ ಕಾಲವಾದರು. ಶವಗಳನ್ನು ಮುಟ್ಟಿ ಬಂದ ವೈದ್ಯರ ಕೈಗಳೇ ಬಾಣಂತಿಯರಿಗೆ ಮೃತ್ಯುವನ್ನು ತರುತ್ತಿರುವುವೆಂದು ಸೆಮ್ಮೆಲ್‌ವೈಸರು ಆಗ ಕಂಡುಕೊಂಡರು. ಬ್ಲೀಚಿಂಗ್ ಪುಡಿಯನ್ನು ಕದಡಿದ ನೀರಿನಲ್ಲಿ ಕೈ ತೊಳೆಯದೆ ಯಾರೂ ರೋಗಿಯನ್ನು ಮುಟ್ಟಕೂಡದೆಂದು ವಿಧಿಸಿದರು. ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಮರಣವು ಜೂನಿನಲ್ಲಿ ಸುಮಾರು 2ಕ್ಕೆ ಇಳಿಯಿತು. ಆದರೂ ಹಿರಿಯ ವೈದ್ಯರಲ್ಲಿ ಅನೇಕರು ಅವರ ಮಾತನ್ನು ಒಪ್ಪಲಿಲ್ಲ. 1865ರಲ್ಲಿ ಅವರು ಹುಚ್ಚಾಸ್ಪತ್ರೆಯೊಂದರಲ್ಲಿ, ನಂಜೇರಿದ ಗಾಯದಿಂದಲೇ ತೀರಿಕೊಂಡರು. ರೋಗಿಯ ಶುಶ್ರೂಷೆಗೆ ಹೊರಡುವ ಮುನ್ನ ಕೈ ತೊಳೆಯುವಾಗಲೆಲ್ಲ ನಾವು ಈ ಮಹನೀಯರನ್ನು ಕೃತಜ್ಞತೆಯಿಂದ ಸ್ಮರಿಸೋಣ.