ಡಿಗ್ರಿ ಇಲ್ಲದ ಪ್ರೊಫೆಸರ್ ಜಾರ್ಜ್ ಬೂಲ್

ಗುಬ್ಬಿಯಿಂದ ಟ್ರೇನಲ್ಲಿ, ಕುಣಿಗಲ್‌ನಿಂದ ಬಸ್ಸಲ್ಲಿ ತುಮಕೂರಿಗೆ ಬರುವ ನಾವೆಲ್ಲ ಥರ್ಡ್ ಸೆಮ್‌ನಲ್ಲಿ ಬೂಲಿಯನ್ ಆಲ್ಜೀಬ್ರಾನ ಬೈದುಕೊಂಡೇ ಓದಿದ್ದೇವೆ. ಆ ಬೂಲ್ ಯಾರು ಅಂತ ಮಾತ್ರ ನಾವ್ಯಾರೂ ಕೇಳಿರಲಿಲ್ಲ.

ಜಾರ್ಜ್ ಬೂಲ್ ಹುಟ್ಟಿದ್ದು 1815ರಲ್ಲಿ, ಇಂಗ್ಲೆಂಡಿನ ಲಿಂಕನ್ ಊರಲ್ಲಿ. ಅಪ್ಪ ಬೂಟು ಹೊಲಿಯುವವರು. ವ್ಯಾಪಾರ ಕೈಕೊಟ್ಟಾಗ 16ರ ಬೂಲ್ ಮೇಷ್ಟ್ರಾಗಿ ಮನೆ ನಡೆಸಬೇಕಾಯಿತು. 19ಕ್ಕೆ, ಅಂದರೆ ನಮ್ಮ ವಯಸ್ಸಿಗೆ, ಸ್ವಂತ ಶಾಲೆಯನ್ನೇ ತೆರೆದರು. (ನಾವಿನ್ನೂ ಬ್ಯಾಕ್‌ಲಾಗ್ ಎಣಿಸ್ತಾ ಇದ್ದೇವೆ!) ಗಣಿತವನ್ನು ತಾವೇ ಓದಿ ಕಲಿತರು. 1849ರಲ್ಲಿ ಐರ್ಲೆಂಡಿನ ಕಾರ್ಕ್‌ನ ಕ್ವೀನ್ಸ್ ಕಾಲೇಜು, ಡಿಗ್ರಿಯೇ ಇಲ್ಲದ ಅವರನ್ನು ಗಣಿತದ ಪ್ರೊಫೆಸರ್ ಮಾಡಿಕೊಂಡಿತು.

1847 ಮತ್ತು 1854ರ ಪುಸ್ತಕಗಳಲ್ಲಿ ಅವರು ತರ್ಕವನ್ನೇ ಸಮೀಕರಣ ಮಾಡಿದರು. ಬಸ್ ಸ್ಟ್ಯಾಂಡಲ್ಲಿ ಕೆಂಪು ಬಸ್ಸುಗಳನ್ನು ಆರಿಸಿ, ಅವುಗಳಲ್ಲಿ ಮತ್ತೆ ಕೆಂಪು ಬಸ್ಸುಗಳನ್ನೇ ಆರಿಸಿದರೆ ಸಿಗೋದು ಅವೇ ಬಸ್ಸು. ಅಂದರೆ ಎಕ್ಸ್ ಇಂಟು ಎಕ್ಸ್ ಎಕ್ಸೇ. ಸಂಖ್ಯೆಗಳಲ್ಲಿ ಇದಕ್ಕೆ ಹೊಂದೋದು 0 ಮತ್ತು 1 ಎರಡೇ. ನಮ್ಮ ಆ್ಯಂಡ್ ಗೇಟ್ ಇಲ್ಲೇ ಇದೆ. 1+1=1 ಮಾತ್ರ ಬೂಲ್ ಒಪ್ಪಿದ್ದಲ್ಲ, ಅದನ್ನು ತಂದದ್ದು ಜೆವನ್ಸ್. 1937ರಲ್ಲಿ 21 ವರ್ಷದ ಶ್ಯಾನನ್, ರಿಲೇ ಸ್ವಿಚ್ಚುಗಳಿಗೂ ಇದೇ ಗಣಿತ ಸಾಕು ಅಂತ ಎಂಐಟಿಯ ಥೀಸಿಸ್‌ನಲ್ಲಿ ತೋರಿಸಿದ ಮೇಲೆ ಇದು ಸರ್ಕ್ಯೂಟಿಗೆ ಇಳಿಯಿತು.

ಬೂಲ್ ಅದನ್ನು ನೋಡಲಿಲ್ಲ. 1864ರ ಕೊನೆಯಲ್ಲಿ ಒಂದು ದಿನ ಸುರಿಯೋ ಮಳೆಯಲ್ಲಿ ಸುಮಾರು 3 ಮೈಲಿ ನಡೆದು ಕಾಲೇಜಿಗೆ ಹೋಗಿ, ಒದ್ದೆ ಬಟ್ಟೆಯಲ್ಲೇ ಪಾಠ ಮಾಡಿದರು. ನ್ಯುಮೋನಿಯಾ ಆಯಿತು. ಡಿಸೆಂಬರ್ 8ಕ್ಕೆ ತೀರಿಕೊಂಡಾಗ ಅವರಿಗೆ 49, ಹೆಂಡತಿ ಮೇರಿಗೆ 32. ಐದು ಹೆಣ್ಣುಮಕ್ಕಳು. ಕೊನೆಯದು ಇನ್ನೂ ವರ್ಷ ತುಂಬದ ಕೂಸು.